ಎರಡನೆಯ ಯಂತ್ರ

ಮುಂಬಯಿಯ ಭಾಂಡುಪಿನ ಕಂಪನಿಯೊಂದರ ಕಂಪ್ಯೂಟರ್ ಕೋಣೆಗೆ ಸುಮಿತ್ರಾ ಒಬ್ಬಳೇ ಆಪರೇಟರ್. ಪ್ರೋಗ್ರಾಮರ್‌ಗಳು ಬರೆದು ತಂದದ್ದನ್ನೆಲ್ಲ ಸರದಿಯಂತೆ ಯಂತ್ರಕ್ಕೆ ಹಾಕಿ ಪರೀಕ್ಷಿಸಿ ಕೊಡುವುದು ಅವಳ ಕೆಲಸ. ಸರದಿಗೆ ಇಡೀ ದಿನ ಕಾಯಬೇಕಾಗಿದ್ದರಿಂದ ಅವರು ಪೆನ್ಸಿಲ್ ಹಿಡಿದು ತಪ್ಪು ತಿದ್ದಿಕೊಂಡೇ ತರುತ್ತಿದ್ದರು. ಆದರೂ ಸಂಜೆಯ ಲೋಕಲ್ ರೈಲು ಅವಳ ಕೈಗೆ ಸಿಗುತ್ತಿರಲಿಲ್ಲ.

ತನ್ನ ಹಾಗೆ ಮೈಸೂರಿನವರೇ ಆದ ಕಂಪನಿಯ ಸಾಹೇಬರ ಬೆನ್ನುಬಿದ್ದು ಎರಡನೆಯ ಯಂತ್ರ ತರಿಸಿದಳು. ಸರದಿ ಬೇಗ ಬರತೊಡಗಿದ್ದೇ ತಡ, ಪೆನ್ಸಿಲ್‌ಗಳು ಡ್ರಾಯರ್ ಸೇರಿದವು. ಒಂದು ಚುಕ್ಕಿ ಬದಲಿಸಿದರೂ ಓಡಿಬಂದು, "ಮೇಡಂ, ಇದೊಂದೇ ಒಂದು" ಎನ್ನುತ್ತಿದ್ದರು. ಸಾಲು ಮೊದಲಿಗಿಂತ ಉದ್ದವಾಯಿತು.

"ನೀವು ಹೇಳಿದ್ದೇ ಸರಿ ಕಣಮ್ಮ. ಮೂರನೇದೂ ಬರ್ತಿದೆ," ಎಂದರು ಸಾಹೇಬರು ಸಾಲು ನೋಡಿ, ಖುಷಿಯಿಂದ.

"ಇಡೋದೆಲ್ಲಿ ಸಾರ್?"

ಅವರು ಅವಳ ಕುರ್ಚಿಗೂ ಬಾಗಿಲಿಗೂ ನಡುವೆ ಉಳಿದಿದ್ದ ಜಾಗ ತೋರಿಸಿದರು.