ಬಾಗಿಲ ಹೊರಗಿನ ಪೈಲ್ವಾನ್

ಚಿಕ್ಕಣ್ಣನ ಎಡಗಿವಿ ಸುಟ್ಟ ಹಪ್ಪಳದ ಹಾಗೆ ಮುದುಡಿಕೊಂಡಿತ್ತು. ಕೇಳಿದವರಿಗೆಲ್ಲ, "ಇದು ಗರಡಿಗೆ ಕೊಟ್ಟಿದ್ದು" ಎಂದು ದೇವಸ್ಥಾನಕ್ಕೆ ಗಂಟೆ ಕೊಟ್ಟವರ ಗತ್ತಿನಲ್ಲಿ ಹೇಳುತ್ತಿದ್ದ.

ನಾನು ಮದುವೆಯಾಗಿ ನಜರ್‌ಬಾದಿಗೆ ಬಂದ ಹೊಸದರಲ್ಲಿ ನಮ್ಮ ಮನೆಗೆ ಹಾಲು ಹಾಕುತ್ತಿದ್ದವನು ಅವನು. ಬಾಗಿಲಗಲದ ಆಳು, ಹಲ್ಲಿ ಕಂಡರೆ ಮಾತ್ರ ಹಾಲಿನ ಕ್ಯಾನು ಬಿಟ್ಟು ಬೀದಿಗೆ ಓಡುತ್ತಿದ್ದ. ಇಂಥ ಪುಕ್ಕಲನಿಗೆ, ತಾನು ಕುಸ್ತಿ ಕಲಿತ ‘ಮೇಲಿನ ಗರಡಿ’ಯನ್ನು ಯಾರಾದರೂ ಹಗುರವಾಗಿ ಆಡಿಕೊಂಡರೆ ಮೈಮೇಲೆ ದೇವರು ಬಂದಂತಾಗುತ್ತಿತ್ತು. ಎರಡು ಬೀದಿ ಆಚೆಯ ಕೆಳಗಿನ ಗರಡಿಯವರು ಇವರಿಗೆ ಹುಟ್ಟಾ ವೈರಿಗಳು. ಯಾಕೆಂದು ಎರಡು ಕಡೆಯೂ ಯಾರಿಗೂ ಗೊತ್ತಿರಲಿಲ್ಲ.

ಒಮ್ಮೆ ಅವರಲ್ಲೊಬ್ಬ, ಮೇಲಿನ ಗರಡಿಯ ಮಣ್ಣು ಒಲೆ ಹಾಕುವುದಕ್ಕೇ ಸರಿ ಎಂದನಂತೆ. ಚಿಕ್ಕಣ್ಣನ ದಂಡು ಹೋಗಿ ಅವನ ಕೈ ಮುರಿದು ಬಂತು. ಮುರಿದವನು ಚಿಕ್ಕಣ್ಣನೇ. ಆ ಕೈ ಕೂಡಿಕೊಳ್ಳುವವರೆಗೆ ಆ ಮನೆಗೆ ದಿನಾ ಹಾಲು ಕೊಟ್ಟು ಬಂದವನೂ ಅವನೇ.

"ಅಷ್ಟು ಮರುಕ ಇರೋನು ಹೊಡೆದಿದ್ದು ಯಾಕಪ್ಪ?" ಎಂದೆ.

"ಅವ್ನು ಒಳ್ಳೆ ಮನ್ಸ ಕಣವ್ವ. ಒಬ್ನೇ ಇದ್ದಿದ್ರೆ ನಾನು ಸುಮ್ಕಿರ್ತಿದ್ದೆ. ಹತ್ತು ಜನ ಒಟ್ಗೆ ಹೋದಾಗ ಈ ಕೈ ನಂದಾ ಗರಡೀದಾ ಅಂತಾನೇ ತಿಳಿಯಕಿಲ್ಲ."

ಇಂಥವನ ತಂಗಿ ದೇವಮ್ಮ ಮೆಚ್ಚಿದ್ದು ಯಾರನ್ನು ಅಂತೀರಿ? ಕೆಳಗಿನ ಗರಡಿಯ ಪೈಲ್ವಾನನನ್ನೇ! ಧಾರೆಗೆ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಕಾಲು ತೊಳೆಯಬೇಕು. ತಂದೆ ಇಲ್ಲದ ಮನೆ, ಆ ಕೆಲಸ ಅಣ್ಣನದು. ತೊಳೆಯದಿದ್ದರೆ ಬೀಗರು ಎದ್ದು ಹೋಗುತ್ತಾರೆ. ತೊಳೆದರೆ, "ಆ ಕಾಲು ಮುಟ್ಟಿದ ಕೈ ನಮ್ಮ ಮಣ್ಣು ಮುಟ್ಟಂಗಿಲ್ಲ" ಎಂದು ಚಿಕ್ಕಣ್ಣನಿಗೆ ಕುಸ್ತಿ ಕಲಿಸಿದ ಉಸ್ತಾದರು ಹೇಳಿ ಕಳಿಸಿದ್ದರು.

ಮದುವೆಯ ದಿನ ಅವನ ಗರಡಿಯ ಗೆಳೆಯರೆಲ್ಲ ಚಪ್ಪರದ ಹಿಂದೆ ಕೈಕಟ್ಟಿ ನಿಂತಿದ್ದರು. ಚಿಕ್ಕಣ್ಣ ಚೊಂಬು ಹಿಡಿದು ಕೂತವನು ಅಲುಗಾಡಲೇ ಇಲ್ಲ. ಕೊನೆಗೆ ದೇವಮ್ಮನೇ ಬಾಗಿ ಹೇಳಿದಳು:

"ಅಣ್ಣಾ, ಕೆಂಡ ಅಲ್ಲ ಕಣೋ ಅದು, ಕಾಲು."

ಅವನು ತೊಳೆದ. ಗೆಳೆಯರು ಎಲೆಯ ಮುಂದೆ ಕೂರದೆ ಹೊರಟುಹೋದರು.

"ಅವ್ನ ಕಾಲುಗುರು ಸಂದೀಲಿ ಕೆಮ್ಮಣ್ಣಿತ್ತು ಕಣವ್ವ, ನಮ್ ಗರಡೀದ್ರಂಗೇ" ಎಂದು ಆಮೇಲೆ ನನಗೊಬ್ಬಳಿಗೇ ಹೇಳಿದ.

ಗರಡಿಯ ಬಾಗಿಲು ಅವನಿಗೆ ಮುಚ್ಚಿತು. ಎಂಥಾ ಕಲ್ಲು ಜನ ಎಂದು ನಾನು ಬೈದರೆ, ಎಂದೂ ದನಿ ಏರಿಸದವನು ನನ್ನ ಮೇಲೇ ರೇಗಿದ: "ಅವ್ರನ್ನ ಅನ್ಬ್ಯಾಡಿ. ಬೇರೆ ಯಾರಾನಾ ಅಂಗ್ ಮಾಡಿದ್ರೆ ಬಾಗ್ಲು ಹಾಕೋಕೆ ನಾನೇ ಮುಂದಿರ್ತಿದ್ದೆ." ತಂಗಿಯ ಗಂಡ ತಮ್ಮ ಗರಡಿಗೆ ಕರೆದ. "ನಾನು ಮೇಲಿನ ಗರಡಿಯೋನು" ಎಂದು ಕೈಮುಗಿದ.

ಕೆಲವು ವರ್ಷಗಳ ಮೇಲೆ ನಮ್ಮವರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಹೊರಟ ಬೆಳಿಗ್ಗೆ ನಮ್ಮ ಜಟಕಾ ಮೇಲಿನ ಗರಡಿಯ ಮುಂದೆ ಬಂತು. ಒಳಗೆ ತೊಡೆ ತಟ್ಟುವ ಸದ್ದು. ಹೊರಗೆ ಚಿಕ್ಕಣ್ಣ, ಮೆಟ್ಟು ಬಿಟ್ಟು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಗಾಡಿ ನಿಲ್ಲಿಸಿ, "ಸ್ಟೇಷನ್ನಿಗಾದರೂ ಬಾರಪ್ಪ" ಎಂದು ಕರೆದೆ.

ಅವನು ಬೀದಿಯ ಆ ತುದಿ ಈ ತುದಿ ನೋಡಿ, ದನಿ ತಗ್ಗಿಸಿ ಹೇಳಿದ:

"ಎಂಗೆ ಬರ್ಲವ್ವ? ಎಲ್ರೂ ಒಳಗವ್ರೆ. ಕೆಳಗಿನ್ ಗರಡಿಯೋರು ಬಂದ್ಬುಟ್ರೆ?"