ಮರಳಿಗೆ ತಾಗಿದ ಸೆರಗು

ಯಾರು ಮಾಡಿದ್ದು ಎಂದು ಕೇಳಿದಾಗ ನಾನು ಎಂದು ಹೇಳಲಿಲ್ಲ. ಅಕ್ಕನ ಕಡೆ ಕೈ ತೋರಿಸಿದೆ. ಓದಿದ್ದು ಆರನೇ ಕ್ಲಾಸು, ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದಾಗಲೆಲ್ಲ ನನ್ನ ಪಾಲಿನ ತಪ್ಪನ್ನು ಸ್ವಲ್ಪ ಸ್ವಲ್ಪವೇ ಚಿಕ್ಕದು ಮಾಡಿಕೊಂಡಿದ್ದೇನೆ.

ನಾವಿಬ್ಬರೂ ಕೊಳ್ಳೇಗಾಲದ ಕಡೆಯವರು. ಅಕ್ಕ ಮದುವೆಯಾಗಿ ಚೆನ್ನೈಗೆ ಬಂದವಳು. ಭಾವ ತೀರಿಕೊಂಡ ಮೇಲೆ ನನ್ನನ್ನೂ ಕರೆಸಿಕೊಂಡಳು. ವೇಲಚೇರಿಯ ಒಂದೇ ಅಪಾರ್ಟ್‌ಮೆಂಟಿನಲ್ಲಿ ಇಬ್ಬರಿಗೂ ಕೆಲಸ. ನಾನು ಎರಡು ಮನೆಗೆ ಅಡುಗೆ ಮಾಡುತ್ತೇನೆ. ಅಕ್ಕ ಮೆಟ್ಟಿಲು ಗುಡಿಸಿ, ಒರೆಸಿ, ಬೆಳಿಗ್ಗೆ ಗೇಟಿನ ಮುಂದೆ ನೀರು ಹಾಕಿ ಕೋಲ ಬರೆಯುತ್ತಿದ್ದಳು. ಕೋಲ ಅಂದರೆ ನಮ್ಮ ರಂಗೋಲಿಯೇ. ಚುಕ್ಕಿ ಇಟ್ಟು ಸುತ್ತಲೂ ಎಳೆ ಸುತ್ತಿಸುತ್ತಾರೆ, ಆ ಎಳೆ ಎಲ್ಲೂ ತುಂಡಾಗಬಾರದು. ಅಕ್ಕನ ಬೆರಳಿಂದ ಹಿಟ್ಟು ದಾರದ ಹಾಗೆ ಇಳಿಯುತ್ತಿತ್ತು. ಆಫೀಸಿಗೆ ಹೋಗುವವರು ತುಳಿಯದೆ ಬಳಸಿಕೊಂಡು ಹೋಗುತ್ತಿದ್ದರು.

ನಾನು ಅಡುಗೆ ಮಾಡುವ ಮನೆಗಳಲ್ಲಿ ಒಂದು ಎರಡನೇ ಮಹಡಿಯ ಮಾಮಿಯದು, ಅವರು ಅಲ್ಲಿನ ಹೆಂಗಸರ ಸಂಘಕ್ಕೆ ದೊಡ್ಡವರು. ಮಾರ್ಗಳಿ ತಿಂಗಳಿಂದ, ಅಂದರೆ ನಮ್ಮ ಧನುರ್ಮಾಸದಿಂದ, ಮಕ್ಕಳಿಗೆ ಕೋಲ ಕ್ಲಾಸು ಶುರುಮಾಡಬೇಕು, ಅಕ್ಕನೇ ಟೀಚರ್ ಆಗಬೇಕು ಎಂದು ಅವರೇ ಹೇಳಿದ್ದರು. ಅಕ್ಕನನ್ನು ಜನ್ಮದಲ್ಲಿ ಯಾರೂ ಟೀಚರ್ ಅಂದಿರಲಿಲ್ಲ. ಅವತ್ತು ಮನೆಗೆ ಬಂದು, "ಏನೇ, ಟೀಚರಮ್ಮನಿಗೆ ಒಂದು ಕಾಫಿ ಕೊಡೇ" ಎಂದು ಕಾಲು ಚಾಚಿ ಕೂತಳು. ನಾನು, "ಮೊದಲು ಹಾಜರಿ ತಗೊಳ್ಳಿ ಟೀಚರ್" ಅಂದೆ. ಇಬ್ಬರೂ ತುಂಬಾ ಹೊತ್ತು ನಕ್ಕೆವು.

ಅದಕ್ಕೆ ಮುಂಚೆ ಸಂಘದವರು ಬೈಲಕುಪ್ಪೆಗೆ ಹೊರಟರು. ಟಿಬೆಟಿನವರ ಮಠ, ಅವರ ಚಿತ್ರ ಬರೆಯುವ ಕೆಲಸ, ಕಂಬಳಿ ನೇಯುವ ಮಗ್ಗ, ಎಲ್ಲವನ್ನೂ ಒಬ್ಬ ಗೈಡು ತೋರಿಸುವ ಟೂರು ಅದು. ಹದಿನಾಲ್ಕು ಹೆಂಗಸರು, ಒಂದು ವ್ಯಾನು. ಕನ್ನಡ ಬರುತ್ತದೆಂದು ನನ್ನನ್ನು ಕರೆದರು. ಟೀಚರ್ ಆಗುವವಳು ಲಾಮಾಗಳ ಮರಳಿನ ಕೋಲ ನೋಡಲಿ ಎಂದು ಅಕ್ಕನನ್ನೂ ಕರೆದರು. ದಾರಿಯುದ್ದಕ್ಕೂ ಹೋಟೆಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ನಾನೇ ಮಾತಾಡಿದೆ. ಮಾಮಿ, "ಇವಳಿಲ್ಲದಿದ್ದರೆ ನಾವೆಲ್ಲ ಮೂಕರು" ಎಂದು ತಮಿಳಿನಲ್ಲಿ ಹೊಗಳಿ, ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಅಕ್ಕ ಹಿಂದೆ ಟಿಫನ್ ಡಬ್ಬಿಗಳ ಜೊತೆ ಕೂತಿದ್ದಳು. ಒಂದೆರಡು ಸಲ ತಿರುಗಿ ನೋಡಿದೆ. ಆಮೇಲೆ ನೋಡಲಿಲ್ಲ.

ಗೈಡು ಅಲ್ಲೇ ಹುಟ್ಟಿ ಬೆಳೆದ ಟಿಬೆಟಿ ಹುಡುಗಿ. ಹೆಂಗಸರಿಗೆ ಇಂಗ್ಲಿಷಿನಲ್ಲಿ ಹೇಳಿ, ನಮ್ಮಿಬ್ಬರಿಗೆಂದು ಕನ್ನಡದಲ್ಲೂ ಹೇಳುತ್ತಿದ್ದಳು. ಮಠದ ಒಂದು ಹಾಲಿನಲ್ಲಿ ದೊಡ್ಡ ಮರದ ಹಲಗೆಯ ಮೇಲೆ ನಾಲ್ಕು ಜನ ಲಾಮಾಗಳು ಬಗ್ಗಿ ಕೂತಿದ್ದರು. ಕೈಯಲ್ಲಿ ತುದಿ ಸಣ್ಣಗಾದ ಲೋಹದ ಕೊಳವೆ. ಅದರ ಮೈಮೇಲಿನ ಗೀರುಗಳನ್ನು ಇನ್ನೊಂದು ಕಡ್ಡಿಯಿಂದ ಉಜ್ಜಿದರೆ ಬಣ್ಣದ ಮರಳು ಕಾಳು ಕಾಳಾಗಿ ಇಳಿಯುತ್ತದೆ. ಉಜ್ಜುವ ಸದ್ದು ಜೀರುಂಡೆಯ ಹಾಗಿತ್ತು. ಆರು ದಿನದಿಂದ ಮಾಡುತ್ತಿದ್ದಾರೆ ಎಂದಳು ಗೈಡು. ಅಕ್ಕ ಹಲಗೆಯ ಸುತ್ತ ಕಟ್ಟಿದ್ದ ಹಗ್ಗದ ಹತ್ತಿರ ನಿಂತವಳು ಅಲ್ಲಾಡಲಿಲ್ಲ. "ನೋಡೇ, ಇವರು ಮಧ್ಯದಿಂದ ಹೊರಕ್ಕೆ ಬರ್ತಾರೆ, ನಮ್ಮ ಥರಾನೇ" ಎಂದು ಪಿಸುಗುಟ್ಟಿದಳು.

ಒಳಗೆ ಬರುವ ಮುಂಚೆ ಗೈಡು ಎಚ್ಚರಿಕೆ ಕೊಟ್ಟಿದ್ದಳು. ಅದನ್ನು ತಮಿಳಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಹೇಳಿದವಳು ನಾನೇ: ಸೆರಗು ಸೊಂಟಕ್ಕೆ ಸಿಗಿಸಿಕೊಳ್ಳಿ, ಬ್ಯಾಗು ಬೆನ್ನ ಹಿಂದೆ ಇರಲಿ, ಹಗ್ಗ ದಾಟಬೇಡಿ. ಎಲ್ಲರೂ ಸಿಗಿಸಿಕೊಂಡರು. ಹೇಳುವ ಗತ್ತಿನಲ್ಲಿ ನನ್ನದನ್ನು ಮರೆತೆ.

ಗೈಡು ಮಗ್ಗದವರಿಗೆ ಹೇಳಿಬರಲು ಹೊರಗೆ ಹೋದಳು. ಲಾಮಾಗಳೂ ಚಹಾಕ್ಕೆ ಎದ್ದರು, ಒಬ್ಬ ಮುದುಕರು ಮಾತ್ರ ಗೋಡೆಗೊರಗಿ ಜಪ ಮಾಡುತ್ತಿದ್ದರು. ಮಾಮಿ ಫೋನು ಕೊಟ್ಟು, ಹಲಗೆಯ ಜೊತೆ ಎಲ್ಲರೂ ಬರುವ ಹಾಗೆ ಫೋಟೋ ತೆಗೆ ಎಂದರು. ನಾನು ಹಗ್ಗದ ಮೇಲೆ ಬಗ್ಗಿದೆ. ಸೆರಗಿನ ತುದಿ ಜಾರಿ ಹಲಗೆಯ ಅಂಚಿಗೆ ಬಿತ್ತು. ನೆಟ್ಟಗಾದಾಗ ಅದು ಎಳೆದುಕೊಂಡು ಬಂತು. ನಾಲ್ಕು ಬೆರಳಗಲ ನೀಲಿ ಗೆರೆ ಕೆಂಪಿನೊಳಗೆ ಕಲಸಿಹೋಯಿತು.

ಯಾರೂ ನೋಡಲಿಲ್ಲ, ಎಲ್ಲರೂ ಫೋನಿಗೆ ನಗುತ್ತಿದ್ದರು. ಅಕ್ಕ ನೋಡಿದಳು. ಎಳೆ ತುಂಡಾಗಿದ್ದು ಕಂಡ ತಕ್ಷಣ ಅವಳ ಕೈ ತಾನಾಗಿ ಮುಂದೆ ಹೋಯಿತು. ಗೇಟಿನ ಮುಂದೆ ಯಾರೋ ತುಳಿದ ಕೋಲವನ್ನು ಸರಿಮಾಡುವ ಹಾಗೆ, ಹಲಗೆಯ ಪಕ್ಕ ಇಟ್ಟಿದ್ದ ಬಟ್ಟಲಿಂದ ಒಂದು ಚಿಟಿಕೆ ನೀಲಿ ಮರಳು ತೆಗೆದು, ಹೆಬ್ಬೆರಳು ತೋರುಬೆರಳ ಮಧ್ಯದಿಂದ ಗೆರೆ ಎಳೆದೇಬಿಟ್ಟಳು. ಗೆರೆ ನೇರವಾಗಿಯೇ ಬಂತು. ಆದರೆ ಅವರ ಗೆರೆಗಿಂತ ದಪ್ಪ, ದೂರದಿಂದಲೇ ಕಾಣುತ್ತಿತ್ತು.

ಒಬ್ಬ ಹೆಂಗಸು ಕಿರುಚಿದರು. ಮುದುಕ ಲಾಮಾ ಎದ್ದು ಬಂದರು. ಹಲಗೆಯನ್ನು ನೋಡಿ, ಮೈಸೂರಿನವರ ಹಾಗೆ ಕನ್ನಡದಲ್ಲೇ, "ಯಾರಮ್ಮ ತಾಗಿಸಿದ್ದು?" ಎಂದರು. ಧ್ವನಿಯಲ್ಲಿ ಕೋಪವೇ ಇರಲಿಲ್ಲ. ಮಾಮಿ ನನ್ನ ಮುಖ ನೋಡಿದರು, ಏನು ಕೇಳುತ್ತಿದ್ದಾರೆ ಹೇಳು ಎನ್ನುವ ಹಾಗೆ. ಮುಂದಿನ ಸೀಟು ನೆನಪಾಯಿತು. ಅಷ್ಟೇ, ಬೇರೆ ದೊಡ್ಡ ಕಾರಣವಿಲ್ಲ. ನಾನು ಅಕ್ಕನ ಕಡೆ ಕೈ ತೋರಿಸಿ, "ಇವರು ಸ್ವಾಮಿ. ಗೊತ್ತಾಗದೆ ಕೈ ಹಾಕ್ಬಿಟ್ರು" ಅಂದೆ. ಬೆನ್ನಿಗೇ ತಮಿಳಿನಲ್ಲೂ ಹೇಳಿದೆ.

ಅವರು ಅಕ್ಕನ ಕಡೆ ತಿರುಗಿ, "ಇರಲಿ ಬಿಡಮ್ಮ. ಮುಗಿದ ದಿನ ನಾವೇ ಇದನ್ನೆಲ್ಲ ಗುಡಿಸಿ ನೀರಿಗೆ ಬಿಡ್ತೀವಿ. ಎಲ್ಲಿ ಕೆಟ್ಟಿದೆ ಅಂತ ತಿಳಕೊಳ್ಳೋಕೆ ಕೇಳಿದ್ದು" ಎಂದರು. ಮಾಮಿ, "ಏನಂತಾರೆ? ಶಾಪ ಹಾಕ್ತಾ ಇದಾರಾ?" ಎಂದು ಕೇಳಿದರು. ಇಲ್ಲ, ಬಿಟ್ಟುಬಿಡಿ ಅಂತಿದ್ದಾರೆ ಎಂದು ಒಂದು ಮಾತು ಸಾಕಾಗಿತ್ತು. ಆದರೆ ಅದನ್ನು ಹೇಳಿದರೆ ಮಾತು ಬೆಳೆದು, ಹೇಗಾಯಿತು, ಮೊದಲು ತಾಗಿಸಿದ್ದು ಯಾರು ಎಂಬಲ್ಲಿಗೆ ಬರುತ್ತದೆ. "ನೊಂದುಕೊಂಡಿದ್ದಾರೆ ಮಾಮಿ, ಬನ್ನಿ ಹೋಗೋಣ" ಅಂದೆ. ಅಕ್ಕನಿಗೆ ಎರಡೂ ಭಾಷೆ ಬರುತ್ತದೆ. ನನ್ನನ್ನೇ ನೋಡುತ್ತಿದ್ದಳು.

ಗೈಡಿಗೆ ಹೇಳಬೇಡಿ, ನಾಚಿಕೆಗೇಡು ಎಂದು ಮಾಮಿ ಎಲ್ಲರ ಬಾಯಿ ಮುಚ್ಚಿಸಿದರು. ಅಕ್ಕನಿಗೆ ವ್ಯಾನಿನಲ್ಲೇ ಕೂರು ಎಂದರು. ಉಳಿದವರು ಹೋಗಿ ಎಲ್ಲ ನೋಡಿದೆವು. ಚಿತ್ರ ಬರೆಯುವವನು ಬುದ್ಧನ ಮೈಯೆಲ್ಲ ಮುಗಿಸಿ ಕಣ್ಣನ್ನು ಕೊನೆಗೆಂದು ಖಾಲಿ ಬಿಟ್ಟಿದ್ದ. ಮಗ್ಗದಲ್ಲಿ ಮೂವರು ಹೆಂಗಸರು ಉಣ್ಣೆಯನ್ನು ಕಬ್ಬಿಣದ ಸರಳಿಗೆ ಸುತ್ತಿ ಸುತ್ತಿ, ಒಂದೇ ಏಟಿಗೆ ಚಾಕುವಿನಿಂದ ಸೀಳುತ್ತಿದ್ದರು. ವಾಪಸು ಬಂದಾಗ ಅಕ್ಕ ಕಿಟಕಿಯಿಂದ ಕೇಳಿದಳು, "ಏನೇನಿತ್ತೇ?"

"ಏನಿಲ್ಲ, ಕಂಬಳಿ ನೇಯ್ತಾರೆ" ಅಂದೆ.

ಚೆನ್ನೈಗೆ ಬಂದ ಮರುದಿನ ಅಕ್ಕ ಒಗೆಯುವ ಬಟ್ಟೆ ಬೇರೆ ಮಾಡುತ್ತಿದ್ದಳು. ನನ್ನ ಸೀರೆ ಕೊಡವಿದಾಗ ಸೆರಗಿನ ಮಡಿಕೆಯಿಂದ ನೀಲಿ ಮರಳು ಉದುರಿತು. ಅವಳು ಸುಮ್ಮನೆ ಗುಡಿಸಿ ಹಾಕಿದಳು. ನಾನು ಒಲೆಯ ಕಡೆ ತಿರುಗಿಕೊಂಡೆ.

ಕೋಲ ಕ್ಲಾಸನ್ನು ಮೂರನೇ ಮಹಡಿಯ ಮನೆಯೊಂದರ ಸೊಸೆಗೆ ಕೊಟ್ಟರು. ಅವಳು ಫೋನಿನಲ್ಲಿ ನೋಡಿ ನೋಡಿ ಹೇಳಿಕೊಡುತ್ತಾಳೆ. "ದೇವರ ಕೆಲಸಕ್ಕೆ ಕೈ ಹಾಕಿ ಕೆಡಿಸಿದವಳು ಮಕ್ಕಳಿಗೇನು ಕಲಿಸ್ತಾಳೆ" ಎಂದು ಮಾಮಿ ನನ್ನೆದುರೇ ಅಂದರು. ನಾನು ಅವರ ಸಾಂಬಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದೆ, ಕಿವುಚುತ್ತಲೇ ಇದ್ದೆ. ಗೇಟಿನ ಮುಂದೆ ಈಗ ಪ್ಲಾಸ್ಟಿಕ್ ಕೋಲ ಅಂಟಿಸಿದ್ದಾರೆ. ಅಕ್ಕನ ಕೆಲಸ ಅದರ ಮೇಲಿನ ಧೂಳು ಒರೆಸುವುದು.

ಹೋದ ವಾರ ಮಾಮಿ ಮತ್ತೆ ಟೂರಿನ ಮಾತು ತೆಗೆದರು. ಈ ಸಲ ಮುಂಡಗೋಡಿನ ಕಡೆಯ ಟಿಬೆಟಿ ಮಠಗಳು. "ನೀನೊಬ್ಬಳೇ ಬಾ. ನಿಮ್ಮಕ್ಕ ಬೇಡ" ಎಂದರು. ನಾನು ತಲೆಯಾಡಿಸಿದೆ. ಮನೆಗೆ ಬಂದು ಅಕ್ಕನಿಗೆ ಹೇಳಿಯೂ ಹೇಳಿದೆ, ಅಷ್ಟು ನಾಚಿಕೆಗೆಟ್ಟವಳು. ಅವಳು ಚಿಕ್ಕ ಈರುಳ್ಳಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಹೋಗ್ಬಿಟ್ಟು ಬಾ. ಸೆರಗು ಮಾತ್ರ ಸಿಗಿಸ್ಕೋ."

ಅವಳಿಗೆ ಗೊತ್ತೆಂದು ತಿಳಿದೂ ಇಷ್ಟು ದಿನ ಏನೂ ನಡೆದಿಲ್ಲವೆಂಬ ಹಾಗೆ ಇದ್ದೆ, ಅವಳ ಒಂದೇ ಮಾತಿಗೆ ಅದು ಬಯಲಾಯಿತು. ಅವಳೆದುರು ಕೂತೆ. "ಅಕ್ಕಾ, ಅವತ್ತು..." ಎಂದು ಶುರುಮಾಡಿದೆ.

"ನನ್ನತ್ರ ಏನಕ್ಕೆ ಹೇಳ್ತೀಯೆ? ನಾನು ಅಲ್ಲೇ ಇದ್ನಲ್ಲ" ಎಂದಳು. "ಹೇಳೋದಿದ್ರೆ ಗೊತ್ತಿಲ್ದೋರಿಗೆ ಹೇಳು."

ಮೂರು ದಿನ ಹೇಳಲಿಲ್ಲ. ನಾಲ್ಕನೇ ದಿನ ಶನಿವಾರ, ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಕೋಲ ಕ್ಲಾಸು ನಡೆಯುತ್ತಿತ್ತು. ಮಾಮಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಟೂರಿಗೆ ಬಂದಿದ್ದವರಲ್ಲಿ ಐದಾರು ಜನ ಇದ್ದರು. ಅಕ್ಕ ಲಿಫ್ಟಿನ ಹತ್ತಿರ ಒರೆಸುತ್ತಿದ್ದಳು. ನಾನು ಮಾಮಿಯ ಮುಂದೆ ನಿಂತು, ತಮಿಳಿನಲ್ಲಿ, ಆ ಮರಳು ಕೆಡಿಸಿದ್ದು ನನ್ನ ಸೆರಗು, ಅಕ್ಕ ಅದನ್ನು ಸರಿಮಾಡಲು ಹೋದಳು, ಲಾಮಾ ಇರಲಿ ಬಿಡಿ ಎಂದದ್ದನ್ನು ನಿಮಗೆ ಹೇಳದೆ ಮುಚ್ಚಿಟ್ಟವಳೂ ನಾನೇ ಎಂದೆ. ಮೂರನೇ ಮಹಡಿಯ ಸೊಸೆ ಫೋನು ಕೆಳಗಿಟ್ಟಳು. ಮಾಮಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಷ್ಟು ದಿನ ಬೇಕಾಯ್ತಾ ನಿನಗೆ?" ಎಂದರು. ನಾಳೆಯಿಂದ ಅವರ ಅಡುಗೆಮನೆ ನನಗಿಲ್ಲ ಎಂದು ಗೊತ್ತಾಯಿತು.

ಅಕ್ಕ ಒರೆಸುವುದನ್ನು ನಿಲ್ಲಿಸಿ ನೆಟ್ಟಗೆ ನಿಂತಿದ್ದಳು. ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ನಾನು ಅವಳ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಅಂದೆ: "ತಪ್ಪಾಯ್ತು ಕಣಕ್ಕಾ. ನಿನ್ನನ್ನ ಮುಂದಕ್ಕೆ ತಳ್ಳಿ ನಾನು ಹಿಂದೆ ನಿಂತ್ಕೊಂಡೆ. ನನ್ನನ್ನ ಕ್ಷಮಿಸ್ಬಿಡು."