ಉದಗೀರದ ಎಣ್ಣೆ ಗಿರಣಿಗೆ ಅಯ್ಯನವರೊಡನೆ

ಓದುಗರೆಲ್ಲರಿಗೂ ಶರಣು. ನಾನು ಚಿಕ್ಕಂದಿನಲ್ಲಿ ಕಲಿತದ್ದು ಒಂದಿಷ್ಟು ಉರ್ದು. ಕನ್ನಡ ಅಕ್ಷರ ಕೂಡಿಸಿ ಓದಲು ಬಂದಾಗ ನನಗೆ ಮೀಸೆ ಮೂಡಿತ್ತು. ಈಗ ಟೈಪ್ ಯಂತ್ರದ ಮುಂದೆ ಕುಳಿತು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಒತ್ತು ತಪ್ಪಿದ್ದರೆ, ದೀರ್ಘ ಬಿಟ್ಟುಹೋಗಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ.

ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮುಂಬೈ ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ದೀಪಾವಳಿ ಮುಗಿದಿತ್ತು. ನಮ್ಮೂರು ಮುರುಮದ ಶೇಂಗಾ ಗಾಡಿ ಏರಿ ಹೊರಗೂರಿಗೆ ಹೋಗುತ್ತಿತ್ತು, ಎಣ್ಣೆಯಾಗಿ ಡಬ್ಬಿಯಲ್ಲಿ ನಮ್ಮ ಅಂಗಡಿಗೇ ತಿರುಗಿ ಬರುತ್ತಿತ್ತು. ಇದು ಸಾಕೆಂದು ಊರಿನ ರೈತರು ಸಂಘ ಕಟ್ಟಿ, ನಮ್ಮಲ್ಲೇ ಒಂದು ಗಿರಣಿ ಹಾಕಲು ಹೊರಟಿದ್ದರು. ಸರ್ಕಾರದ ಅಧಿಕಾರಿ ಒಂದು ಷರತ್ತು ಹಾಕಿದ್ದರು. ಮೊದಲು ಊರಿನ ಐದು ಜನ ಉದಗೀರದ ಗಿರಣಿಯಲ್ಲಿ ನಾಲ್ಕು ತಿಂಗಳು ಯಂತ್ರದ ಕೆಲಸ ಕಲಿಯಬೇಕು, ಯಂತ್ರ ಆಮೇಲೆ. ಕಲಿಯುವವರ ಊಟದ ಖರ್ಚನ್ನು ಸರ್ಕಾರವೇ ನೋಡಿಕೊಳ್ಳುತ್ತಿತ್ತು.

ಐದು ಜನ ಹೋದರು. ಅವರಲ್ಲಿ ನನ್ನ ಅಕ್ಕನ ಗಂಡ ಗುರುಲಿಂಗಪ್ಪ ಮಾಮಾ ಒಬ್ಬ. ಎರಡು ವಾರದಲ್ಲಿ ಪತ್ರ ಬಂತು. ‘ಇಲ್ಲಿಯ ಮಿಸ್ತ್ರಿ ಕೊರಳಿನ ಲಿಂಗ ತೆಗೆದಿಟ್ಟು ಒಳಗೆ ಬನ್ನಿರಿ ಅನ್ನುತ್ತಾನೆ. ಕೆಲಸ ಬಿಟ್ಟು ಹೊರಗೆ ಕುಳಿತಿದ್ದೇವೆ. ಶನಿವಾರ ಮುಂಜಾನೆ ಕೆಲಸಕ್ಕೆ ನಿಲ್ಲದಿದ್ದರೆ ಬೇರೆ ಊರಿನವರನ್ನು ಕರೆಯುತ್ತಾರಂತೆ.’ ಪತ್ರ ಕೈಸೇರಿದ್ದು ಬುಧವಾರ. ಆ ಐವರು ತಿರುಗಿ ಬಂದರೆ ಮುರುಮದ ಗಿರಣಿಯ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಿರಿಯರು ನಮ್ಮ ಮನೆತನದ ಜಂಗಮರಾದ ಸಂಗಯ್ಯನವರನ್ನು ಕಳಿಸಲು ನಿಶ್ಚಯಿಸಿದರು. ಮರಾಠಿ ಬಲ್ಲೆನೆಂದು ನನ್ನನ್ನು ಜೊತೆಗೆ ಹಚ್ಚಿದರು.

ಗುರುವಾರ ನಸುಕಿನಲ್ಲಿ ಎತ್ತಿನ ಗಾಡಿಯಿಂದ ಉಮರ್ಗಾಕ್ಕೆ ಬಂದೆವು. ಗಂಟಿನಲ್ಲಿ ಜೋಳದ ರೊಟ್ಟಿ, ನಂಚಿಕೊಳ್ಳಲು ಕುಟ್ಟಿದ ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ ಇದ್ದವು. ಬಸ್ಸಿನ ಕಂಡಕ್ಟರ್ ಅಯ್ಯನವರ ಕಾವಿ ರುಮಾಲು ನೋಡಿ, “ಮಹಾರಾಜ, ತುಮ್ಹೀ ಪುಢಂ ಬಸಾ” ಎಂದು ಗೌರವದಿಂದ ಡ್ರೈವರನ ಪಕ್ಕದಲ್ಲೇ ಕೂಡಿಸಿದ. ಅಲ್ಲಿ ಇಂಜಿನ್ನಿನ ಕಾವು. ಮೂರು ತಾಸಿನ ಮೇಲೆ ನಿಲಂಗಾದಲ್ಲಿ ಇಳಿದ ಅಯ್ಯನವರ ಮುಖ ಕೆಂಪಾಗಿತ್ತು.

“ಮುಂದ ಕುಂದರಿಸಿ ಶೇಂಗಾ ಹುರದ್ಹಂಗ ಹುರದ್ನಲ್ಲೋ ನನಗ,” ಅಂದರು. “ನೀ ಹಿಂದ ತಂಪಾಗಿ ಗೊರಕಿ ಹೊಡಿಲಿಕ್ಕತ್ತಿದ್ದಿ.”

“ನಿಮ್ಮ ಮಾನ ದೊಡ್ಡದಲ್ರೀ ಅಯ್ಯನೋರ.”

“ಸಾಕ್ ಸುಮ್ನಿರು. ನಾಳಿ ಆ ಮಾನ ನೀನೇ ತಗೊ.”

ಆ ದಿನ ನಿಲಂಗಾದ ಮಠದಲ್ಲಿ ಉಳಿದೆವು. ಶುಕ್ರವಾರ ಮೊದಲ ಬಸ್ಸು. ಮಾಂಜರಾ ನದಿಗೆ ಆ ಹಾದಿಯಲ್ಲಿ ಇನ್ನೂ ಸೇತುವೆ ಇರಲಿಲ್ಲ. ಎಲ್ಲರೂ ಇಳಿದು ಮೊಣಕಾಲುದ್ದದ ನೀರಿನಲ್ಲಿ ನಡೆದು, ಆಚೆ ದಂಡೆಯಲ್ಲಿ ನಿಂತಿದ್ದ ಬೇರೆ ಬಸ್ಸು ಹತ್ತಬೇಕು. ನೀರು ತಣ್ಣಗೆ ಕೊರೆಯುತ್ತಿತ್ತು. ಪಕ್ಕದಲ್ಲಿ ಕಟ್ಟುತ್ತಿದ್ದ ಸೇತುವೆಯ ಕಲ್ಲಿನ ಕಂಬಗಳು ಆಳೆತ್ತರ ಎದ್ದಿದ್ದವು. ಅಲ್ಲಿ ಕಲ್ಲಿನ ಬುಟ್ಟಿ ಹೊತ್ತ ಒಬ್ಬ ಹೆಣ್ಣುಮಗಳು ಅಯ್ಯನವರಿಗೆ ಕೈಮುಗಿದು, “ಮುಂದಿನ ಸಲ ಬರಾಗ ನಿಮ್ಮ ಧೋತರ ತೋಯಾಂಗಿಲ್ರೀ ಅಪ್ಪ, ನಾವು ಮ್ಯಾಲಿಂದ ಕಳಸ್ತೀವಿ,” ಎಂದಳು.

ಉದಗೀರ ಮುಟ್ಟಿದಾಗ ಹೊತ್ತು ನೆತ್ತಿಗೇರಿತ್ತು. ಅಡತಿ ಅಂಗಡಿಗಳ ಮುಂದೆ ಗಾಡಿಗಳ ಸಾಲು. ಸ್ಟೇಷನ್ನಿನ ಆಚೆ ತಗಡಿನ ದೊಡ್ಡ ಶೆಡ್ಡು. ಅರ್ಧ ಮೈಲಿನಿಂದಲೇ ಅದರ ಇಂಜಿನ್ನಿನ ಸದ್ದೂ ಹಸಿ ಎಣ್ಣೆಯ ವಾಸನೆಯೂ ಬರುತ್ತಿದ್ದವು. ಬಾಗಿಲ ಮುಂದಿನ ಬೇವಿನ ಗಿಡದ ಕೆಳಗೆ ನಮ್ಮವರು ಕುಳಿತಿದ್ದರು. ಎಣಿಸಿದೆ, ನಾಲ್ಕೇ ಜನ.

“ಗುರುಲಿಂಗ ಎಲ್ಲಿ?” ಅಯ್ಯನವರು ಕೇಳಿದರು.

ನಾಲ್ವರಲ್ಲಿ ಹಿರಿಯನಾದ ಬಸಣ್ಣ ಮುಖ ತಿರುಗಿಸಿದ. “ಪತ್ರ ಹಾಕಿದ ಮರುದಿನ ಒಳಗ ಹೋಗ್ಯಾನ್ರೀ. ಲಿಂಗ ಬಿಚ್ಚಿ ಗೂಟಕ್ಕ ಹಾಕ್ಯಾನ. ನಾವು ಅಂವನ ಸಂಗಾಟ ಮಾತಾಡಲ್ಲ, ಉಣ್ಣಲ್ಲ.”

ಊರಿಗೆ ಈ ಸುದ್ದಿ ಹೋದರೆ ಅಕ್ಕನ ಮನೆಯ ಹೊಸ್ತಿಲು ಯಾರೂ ತುಳಿಯುತ್ತಿರಲಿಲ್ಲ. ಅಯ್ಯನವರು ನೇರ ಒಳಗೆ ನಡೆದರು.

ಮಿಸ್ತ್ರಿ ದತ್ತೋಬಾ ಸೊಲ್ಲಾಪುರದ ಬಟ್ಟೆ ಗಿರಣಿಗಳಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಅವರ ಮರಾಠಿಯನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಅವರು ವಾದಕ್ಕೆ ನಿಲ್ಲಲಿಲ್ಲ. ಒಂದು ಹಳೆಯ ದಾರ ತೆಗೆದುಕೊಂಡು, ಮೇಲಿನ ಗಾಲಿಯಿಂದ ಕೆಳಗಿನ ಗಾಲಿಗೆ ಓಡುತ್ತಿದ್ದ ತೊಗಲಿನ ಪಟ್ಟಾಕ್ಕೆ ತುದಿ ತಾಗಿಸಿ ಬಿಟ್ಟರು. ಕಣ್ಣು ಮಿಟುಕಿಸುವುದರೊಳಗೆ ಇಡೀ ದಾರ ಗಾಲಿಗೆ ಸುತ್ತಿಹೋಗಿತ್ತು. “ಇದು ಕೊರಳಿನ ದಾರವಾಗಿದ್ದರೆ ಕೊರಳೂ ಹಿಂದೆ ಹೋಗುತ್ತದೆ ಮಹಾರಾಜ,” ಎಂದರು. ತಮ್ಮ ಕಿಸೆಯಿಂದ ತುಳಸಿಮಣಿ ತೆಗೆದು ತೋರಿಸಿದರು. “ಕೆಲಸದ ಹೊತ್ತಿಗೆ ನಾನೂ ತೆಗೆದಿಡುತ್ತೇನೆ. ವಿಠೋಬಾ ಸಿಟ್ಟಾಗುವುದಿಲ್ಲ.”

“ನಿಮ್ಮ ವಿಠೋಬಾ ಸಮಾಧಾನಿ ಇದ್ದಾನ,” ಅಯ್ಯನವರು ನಕ್ಕರು. “ನಮ್ಮಂವಾ ಮೈ ಬಿಟ್ಟು ಇರಾಂವಲ್ಲ.”

ಆಮೇಲೆ ಬಹಳ ಹೊತ್ತು ಪಟ್ಟಾ ನೋಡುತ್ತ ನಿಂತರು. ಮೂಲೆಯಲ್ಲಿ ಮಾಮಾ ತಲೆ ತಗ್ಗಿಸಿ ಪಟ್ಟಾದ ತುದಿಗಳನ್ನು ಕೂಡಿಸಿ ಹೊಲಿಯುತ್ತಿದ್ದ. ನಾನು ಹತ್ತಿರ ಹೋದೆ. “ಐದೂ ಮಂದಿ ಹೊರಗ ಕೂತ್ರ ಗಿರಣಿ ಯಾರ ಕಲೀಬೇಕೋ?” ಎಂದಷ್ಟೇ ಅಂದ. ಅವನ ಕಣ್ಣು ಕೆಂಪಗಿದ್ದವು.

ಶನಿವಾರ ಮುಂಜಾನೆ ಅಯ್ಯನವರು ಐವರಿಗೂ ಬಾವಿಯಲ್ಲಿ ಸ್ನಾನ ಮಾಡಿಸಿ, ಬೇವಿನ ಕೆಳಗೆ ಲಿಂಗಪೂಜೆಗೆ ಕೂಡಿಸಿದರು. ಪೂಜೆ ಮುಗಿದ ಮೇಲೆ ತಮ್ಮ ಕಾವಿ ರುಮಾಲನ್ನು ಉದ್ದುದ್ದ ಐದು ಪಟ್ಟಿ ಹರಿದರು. ಮೊದಲು ಮಾಮಾನನ್ನೇ ಕರೆದು, ಲಿಂಗವನ್ನು ಪಟ್ಟಿಯಲ್ಲಿ ಸುತ್ತಿ, ಅವನ ಎಡ ರಟ್ಟೆಗೆ ಬಿಗಿಯಾಗಿ ಕಟ್ಟಿ ಮೇಲೆ ಅಂಗಿ ಇಳಿಸಿದರು.

ಬಸಣ್ಣ ಎದ್ದು ನಿಂತ. “ಇದು ಹೆಂಗ್ರೀ ಅಯ್ಯನೋರ? ಊರಾಗ ಯಾರೂ ಹಿಂಗ ಕಟ್ಟಿಲ್ಲ.”

“ಊರಾಗ ಇಂಥಾ ಪಟ್ಟಾ ಎಲ್ಲಿತ್ತೋ? ಎದಿ, ಕಂಕುಳ, ರಟ್ಟಿ, ತಲಿ, ಎಲ್ಲಿ ಬೇಕಾದಲ್ಲಿ ಕಟ್ಟಬಹುದು. ಹೊಕ್ಕಳದ ಕೆಳಗ ಇಳೀಬಾರ್ದು, ಮೈ ಬಿಡಬಾರ್ದು, ಅಷ್ಟ. ನೀವು ಕೊರಳು ಒಂದೇ ಅಂತ ತಿಳಕೊಂಡು ಕೂತ್ರಿ.”

“ಇಂವಾ ಬಿಚ್ಚಿಟ್ಟದ್ದಕ್ಕ?”

“ಬಿಚ್ಚಬಾರ್ದಿತ್ತು. ಅದ್ಕ ನಿನ್ನಿ ರಾತ್ರಿ ಇಂವಗ ನಾನು ಅಂದೀನಿ, ಇಂವಾ ಅತ್ತಾನ. ಕೆಲಸ ಬಿಟ್ಟು ಕೂತ ನಿಮಗ ಯಾರೂ ಅಂದಿಲ್ಲ, ಈಗ ಅಂತೀನಿ. ಪಟ್ಟಾ ಹೊಲಿಯಾದು ಇಂವಗ ಬರ್ತದ. ನೀವು ಇಂವನ ಕಡಿಂದ ಕಲೀರಿ. ತೋಳು ಚಾಚು.”

ಬಸಣ್ಣ ಅಂಗಿಯ ತೋಳು ಮೇಲೇರಿಸಿದ. ಆಮೇಲೆ ತೋಳು ಚಾಚಿದ.

ಮಿಸ್ತ್ರಿ ಒಬ್ಬೊಬ್ಬರನ್ನೂ ಬಗ್ಗಿಸಿ, ಕೈ ಎತ್ತಿಸಿ, ತೋಳು ಎಳೆದು ನೋಡಿದರು. ಏನೂ ಜೋತು ಬೀಳಲಿಲ್ಲ. “ಜಾ, ಕಾಮಾಲಾ ಲಾಗಾ,” ಎಂದು ಒಳಗೆ ಬಿಟ್ಟರು. ಮಧ್ಯಾಹ್ನ ಐವರೂ ಒಂದೇ ಸಾಲಿನಲ್ಲಿ ಉಣ್ಣಲು ಕುಳಿತರು. ಮಾಮಾ ತುದಿಯಲ್ಲಿ ದೂರ ಕುಳಿತಿದ್ದ. ಬಸಣ್ಣ ತನ್ನ ತಾಟು ಎತ್ತಿಕೊಂಡು ಹೋಗಿ ಅವನ ಮಗ್ಗುಲಿಗೆ ಕುಳಿತ. “ಹಿಂಡಿ ಇತ್ತ ಸರಸು. ನಿನ್ನಿ ಕುಟ್ಟಿದ್ದೇನು, ಖಾರ ಇಲ್ಲ ಏನಿಲ್ಲ.” ನಾಲ್ಕು ದಿನದಲ್ಲಿ ಅವನು ಮಾಮಾನೊಡನೆ ಆಡಿದ ಮೊದಲ ಮಾತು ಅದು.

ರವಿವಾರ ಗಿರಣಿಗೆ ಸೂಟಿ. ಐವರೂ ಬಸ್ಸಿನವರೆಗೆ ಬಂದರು. ಅಯ್ಯನವರು ಈ ಸಲ ಹಟ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತರು. ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಐವರೂ ಕೈಮುಗಿದು ನಿಂತಿದ್ದರು, ಐವರ ಎಡ ತೋಳಿನ ಅಂಗಿಯೂ ಸ್ವಲ್ಪ ಉಬ್ಬಿತ್ತು. ಯಾರು ಬಿಚ್ಚಿದವನು, ಯಾರು ಬಿಚ್ಚದವರು ಎಂದು ಆ ಸಾಲಿನಲ್ಲಿ ತಿಳಿಯುತ್ತಿರಲಿಲ್ಲ.

ಐವರೂ ನಾಲ್ಕು ತಿಂಗಳು ಮುಗಿಸಿಯೇ ಊರಿಗೆ ಬಂದರು. ನಿಮ್ಮ ಕಡೆಯೂ ಮೊದಲ ಸಲ ಗಿರಣಿ, ಕಾರಖಾನೆ ಕಂಡಾಗ ಇಂಥ ತೊಡಕು ಬಂದಿರಬೇಕು. ಯಾರು ಬಿಡಿಸಿದರು, ಹೇಗೆ ಬಿಡಿಸಿದರು ಎಂದು ನೀವೂ ಬರೆದು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.